ಅನ್ನ ಎನ್ನದ ಮನೆ

ನಮ್ಮೂರಿನ ವೆಂಕಟರತ್ನಮ್ಮನ ಮನೆಯಲ್ಲಿ ಅನ್ನಕ್ಕೆ ಅನ್ನ ಅನ್ನುವುದಿಲ್ಲ, ಬುವ್ವ ಅನ್ನುತ್ತಾರೆ. ಮೀಸೆ ಬಂದ ಮಗ ಅಂಬರೀಶನೂ ಎಳೆಮಗುವಿನ ಹಾಗೆ "ಅಮ್ಮ, ಬುವ್ವ ಬಡಿಸು" ಅನ್ನುತ್ತಾನೆ. ಹೊರಗಿನವರು ಕೇಳಿದರೆ ನಗುತ್ತಾರೆ. ನಮಗ್ಯಾರಿಗೂ ನಗು ಬರುವುದಿಲ್ಲ.

ಗೌರಿಬಿದನೂರು ದಾಟಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಊರು ನಮ್ಮದು. ಒಂದು ಮನೆಯಲ್ಲಿ ಕನ್ನಡ, ಎದುರುಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ. ಬಂದೂಕು ಹಿಡಿದು ಕಾಡು ಸೇರಿದವರನ್ನು ಇಲ್ಲಿ ಯಾರೂ ನಕ್ಸಲರು ಅನ್ನುತ್ತಿರಲಿಲ್ಲ. ತೆಲುಗಿನಲ್ಲಿ 'ಅನ್ನ' ಅನ್ನುತ್ತಿದ್ದರು, ಅಂದರೆ ಅಣ್ಣ. ಅಂಬರೀಶ ಕೈಗೂಸಾಗಿದ್ದಾಗ ಆ ಅನ್ನಗಳೇ ಅವನ ಅಪ್ಪ ಬಯ್ಯಪ್ಪನನ್ನು ಹುಣಸೆ ತೋಪಿಗೆ ಕರೆದೊಯ್ದು ಕೊಂದರು. ಪೊಲೀಸರಿಗೆ ಸುದ್ದಿ ಕೊಟ್ಟನೆಂದು ಹೇಳಿದರು. ಯಾವ ಸುದ್ದಿ ಎಂಬುದು ಈ ವರ್ಷದವರೆಗೂ ನಮಗೆ ತಿಳಿದಿರಲಿಲ್ಲ. ಅವತ್ತಿನಿಂದ ಆ ಪದ ರತ್ನಮ್ಮನ ಬಾಯಿಗೆ ಬರಲಿಲ್ಲ.

ಅದೇ ವಾರ ಎದುರುಮನೆ ನಲ್ಲಪ್ಪನ ಮಗಳು ಯಾಮಿನಿ ಕಾಡು ಸೇರಿದಳು. ಆಗಿನ್ನೂ ಹೈಸ್ಕೂಲು ಹುಡುಗಿ. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ವರ್ಷಗಳು ಕಳೆದ ಮೇಲೆ ಅವಳು ಶರಣಾದಳು, ಜೈಲು ಶಿಕ್ಷೆ ಮುಗಿಸಿದಳು, ಈ ಬೇಸಿಗೆಯಲ್ಲಿ ಹೊರಗೆ ಬಂದಳು. ನಲ್ಲಪ್ಪ ಲಕ್ವ ಹೊಡೆದು ಮಲಗಿದಲ್ಲೇ ಇದ್ದಾನೆ. ಅವನನ್ನು ನೋಡಿಕೊಳ್ಳಲು ಇರುವುದು ಅವಳೊಬ್ಬಳೇ. ಅವಳು ಊರೊಳಗೆ ಕಾಲಿಟ್ಟರೆ ಬಿಡುವುದಿಲ್ಲವೆಂದು ಅಂಬರೀಶ ಹುಡುಗರನ್ನು ಸೇರಿಸತೊಡಗಿದ.

ನಮ್ಮ ಹೆಂಗಸರ ಶಾಂತಿ ಕೂಟ ಕಟ್ಟಿದವರು ಅಂಗನವಾಡಿಯ ಹಫೀಜಾ ಟೀಚರ್. ಶಿಡ್ಲಘಟ್ಟದ ರೇಷ್ಮೆ ನೂಲಿನ ಮನೆಯವರು, ಈಗ ಪೂರ್ತಿ ನಮ್ಮೂರಿನವರು. ಕೂಟಕ್ಕೆ ಇರುವುದು ಒಂದೇ ಕಟ್ಟುಪಾಡು: ಯಾರ ಬಗ್ಗೆ ಏನು ಕಿವಿಗೆ ಬಿದ್ದರೂ ಅವರನ್ನೇ ಎದುರಿಗೆ ಕೂರಿಸಿಕೊಂಡು ಕೇಳಬೇಕು. ಹೇಳುವುದಕ್ಕೆ ಸುಲಭ. ಮಾಡುವುದು ಕಷ್ಟ. ಟೀಚರ್ ಜೊತೆ ನಾನೂ ರತ್ನಮ್ಮನ ಜಗಲಿಗೆ ಹೋದೆ.

"ರತ್ನಕ್ಕ, ಯಾಮಿನಿ ನಾಳೆ ಅಂಗನವಾಡಿಗೆ ಬರ್ತಾಳೆ. ನೀವೂ ಬನ್ನಿ," ಅಂದರು ಟೀಚರ್.

"ಬಂದು ಏನ್ ಮಾಡ್ಲಿ ಟೀಚರಮ್ಮ? ಸತ್ತೋರು ಎದ್ದು ಬರ್ತಾರಾ?"

"ಬರಲ್ಲ ಅಕ್ಕ. ಇನ್ನೊಬ್ರು ಸಾಯೋದು ಬೇಡ ಅಂತ ಕರೀತಿದೀನಿ."

ಒಳಗಿನಿಂದ ಅಂಬರೀಶ ಫೋನು ಹಿಡಿದುಕೊಂಡೇ ಬಂದ. "ಟೀಚರ್, ನಿಮಗೆ ಗೊತ್ತಿಲ್ಲ ಸುಮ್ನಿರಿ. ಅವಳ ಬ್ಯಾಗಲ್ಲಿ ಗನ್ ಐತೆ. ಗ್ರೂಪಲ್ಲಿ ವಾಯ್ಸ್ ಬಂದಿದೆ."

"ಯಾರು ನೋಡಿದ್ದು ಅಂಬರೀಶಪ್ಪ?"

"ಫಾರ್ವರ್ಡ್ ಬಂದಿದ್ದು. ಎಲ್ರಿಗೂ ಗೊತ್ತು."

"ನೀನು ಅವಳನ್ನ ಕೇಳ್ದಾ?"

"ಅವಳನ್ನ ಕೇಳಬೇಕಾ? ನಮ್ಮಪ್ಪನ್ನ ಕೇಳಿದ್ರಾ ಅವ್ರು?"

ರತ್ನಮ್ಮ ಮಗನ ಕಡೆ ತಿರುಗಿದಳು.

"ಕೇಳ್ಲಿಲ್ಲ ಕಣೋ. ಅದಕ್ಕೇ ನಾನು ಹೋಗಿ ಕೇಳ್ತೀನಿ."

ಮರುದಿನ ಅಂಗನವಾಡಿಯ ಚಾಪೆಯ ಮೇಲೆ ಯಾಮಿನಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆ ಅರ್ಧ ನರೆತಿತ್ತು. ಬಾಗಿಲ ಹೊರಗೆ ಅಂಬರೀಶ ಮತ್ತವನ ಹುಡುಗರು, ಕೈಯಲ್ಲಿ ದೊಣ್ಣೆ. ರತ್ನಮ್ಮ ಎದುರಿಗೆ ಕೂತಳು.

"ನಮ್ಮೆಜಮಾನ್ರು ನಿಂಗೇನ್ ಮಾಡಿದ್ರಮ್ಮ?"

ಯಾಮಿನಿ ನೆಲ ನೋಡುತ್ತಲೇ ಹೇಳಿದಳು. "ಅವತ್ತು ನಮ್ಮನೆ ಅಟ್ಟದ ಮೇಲೆ ಒಬ್ರು ಅನ್ನ ಬಚ್ಚಿಟ್ಕೊಂಡಿದ್ರು ಅಕ್ಕ. ನಾನು ಅಂಗಡಿಗೆ ಹೋಗಿದ್ದೆ. ಅಲ್ಲಿ ಕಾಯಿನ್ ಫೋನಲ್ಲಿ ನಿಮ್ಮನೆಯವ್ರು, 'ಅನ್ನ ರೆಡಿ, ಎಲ್ಲಾರೂ ಬೇಗ ಬನ್ನಿ' ಅಂತಿದ್ರು. ಪೊಲೀಸ್ರನ್ನ ಕರೀತಾವ್ರೆ ಅನ್ಕೊಂಡೆ. ಓಡಿ ಹೋಗಿ ಅಟ್ಟದ ಮೇಲಿದ್ದೋರಿಗೆ ಹೇಳ್ಬಿಟ್ಟೆ."

ರತ್ನಮ್ಮ ಬಾಗಿಲಾಚೆ ನಿಂತ ಮಗನ ಕಡೆ ಕೈ ತೋರಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಅವತ್ತು ಇವನಿಗೆ ಅನ್ನ ಮುಟ್ಟಿಸೋ ಶಾಸ್ತ್ರ. ಪೆರೇಸಂದ್ರದಿಂದ ನಮ್ಮಣ್ಣಂದಿರು ಬಂದಿರ್ಲಿಲ್ಲ. ಬಿಸಿ ಅನ್ನ ಇಳಿಸಿ ನಾನೇ ಕಳ್ಸಿದ್ದೆ, ಫೋನ್ ಮಾಡಿ ಕರೀರಿ ಅಂತ."

ಅಷ್ಟು ವರ್ಷಗಳ ಮೇಲೆ ಆ ಪದ ಅವಳ ಬಾಯಿಂದ ಬಂದಿತ್ತು. ಯಾಮಿನಿಯ ಮುಖ ನೋಡಲಾಗಲಿಲ್ಲ.

"ನಮ್ಮನೇಲಿ ತೆಲುಗು ಅಕ್ಕ. ಊಟದ್ದನ್ನ ಅನ್ನಂ ಅಂತಿದ್ವಿ," ಅಂದಳು. "ಬರೀ ಅನ್ನ ಅಂದ್ರೆ ನಂಗೆ ಅಣ್ಣನೇ."

"ಎದುರುಮನೆ ಅಲ್ವೇನಮ್ಮ. ದಾಟಿ ಬಂದು ಒಂದು ಮಾತು ಕೇಳಬಾರ್ದಿತ್ತಾ? ನಿಂಗೂ ಎಲೆ ಹಾಕ್ತಿದ್ದೆ."

ಹೊರಗಿನಿಂದ ಒಬ್ಬ ಹುಡುಗ "ಬ್ಯಾಗ್ ಕಿತ್ಕೊಳ್ಳೋ" ಅಂದ. ಅಂಬರೀಶ ಒಳಗೆ ಬಂದ. ಬಂದವನು ಕಿತ್ತುಕೊಳ್ಳಲಿಲ್ಲ, ಕೇಳಿದ.

"ಅದ್ರಲ್ಲಿ ಏನಿದೆ?"

ಅವಳು ಜಿಪ್ಪು ಎಳೆದು ತೋರಿಸಿದಳು. ದೊಡ್ಡವರ ಡೈಪರ್, ಒಂದು ರಬ್ಬರ್ ಶೀಟ್, ಪೌಡರ್ ಡಬ್ಬಿ.

"ಅಪ್ಪಂಗೆ," ಅಂದಳು.

ಅಂಬರೀಶ ಹೊರಗೆ ಹೋಗಿ ದೊಣ್ಣೆಯನ್ನು ಗೋಡೆಗೆ ಒರಗಿಸಿದ. ಫೋನು ತೆಗೆದು ಅದೇ ಗ್ರೂಪಿಗೆ ಮಾತಾಡಿದ: "ನಾನೇ ನೋಡ್ದೆ. ಗನ್ ಇಲ್ಲ. ಎಲ್ರೂ ಮನೆಗೆ ಹೋಗ್ರಪ್ಪ."

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹೊರಡುವಾಗ ರತ್ನಮ್ಮ ಟೀಚರ್ ಕೈ ಹಿಡಿದು ಹೇಳಿದಳು: "ಕ್ಷಮಿಸೋದು ನನ್ ಕೈಲಾಗಲ್ಲ ಟೀಚರಮ್ಮ. ಅವಳು ಅಪ್ಪನ್ನ ನೋಡ್ಕೊಳ್ಲಿ. ನನ್ ಮಗ ಕೊಲೆಗಾರ ಆಗೋದು ಬೇಡ, ಅಷ್ಟೆ." ಗಂಡ ಯಾವುದೋ ದೊಡ್ಡ ಕಾರಣಕ್ಕೆ ಸತ್ತಿರಬೇಕು ಅಂತ ಇಷ್ಟು ದಿನ ಅಂದುಕೊಂಡಿದ್ದಳು. ಊಟಕ್ಕೆ ಕರೆದಿದ್ದಕ್ಕೆ ಸತ್ತ ಅಂತ ಈಗ ಗೊತ್ತು. ತಿಳಿದದ್ದರಿಂದ ಅವಳ ಸಂಕಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಯಾಮಿನಿ ಈಗ ಎದುರುಮನೆಯಲ್ಲೇ ಇದ್ದಾಳೆ. ಎರಡು ಬಾಗಿಲುಗಳೂ ಬೆಳಗ್ಗೆ ಒಟ್ಟಿಗೆ ತೆರೆಯುತ್ತವೆ, ಮಾತಿಲ್ಲ. ರತ್ನಮ್ಮನ ಮನೆಯಲ್ಲಿ ಮತ್ತೆ ಬುವ್ವ ಅಂತಲೇ ಅನ್ನುತ್ತಾರೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಲ್ಲೂ ಯಾರ ಮೇಲಾದರೂ ಒಂದು ಮಾತು ಓಡಾಡುತ್ತಿರಬಹುದು. ಅದನ್ನು ಮುಂದಕ್ಕೆ ಕಳಿಸಬೇಡಿ. ಆ ಮನುಷ್ಯನನ್ನೇ ಕೇಳಿ. ಒಬ್ಬರೇ ಹೋಗಲು ಭಯವಾದರೆ ನಾಲ್ಕು ಜನ ಹೋಗಿ, ದೊಣ್ಣೆ ಬಿಟ್ಟು ಹೋಗಿ. ನಿಮ್ಮೂರಿನಲ್ಲೂ ಒಂದು ಕೂಟ ಕಟ್ಟಿ, ಇವತ್ತೇ ಕಟ್ಟಿ. ನಮ್ಮ ಕೂಟ ಹುಟ್ಟುವ ಹೊತ್ತಿಗೆ ಬಯ್ಯಪ್ಪ ಇರಲಿಲ್ಲ. ಅವನ ಮನೆಗೂ ಯಾಮಿನಿಯ ಮನೆಗೂ ನಡುವೆ ಇದ್ದದ್ದು ಒಂದು ಬೀದಿ. ಅದನ್ನು ದಾಟಿ ಕೇಳಿದ್ದರೆ ಸಾಕಿತ್ತು.