ಹೊಗೆಗೂಡಿನಲ್ಲಿ ಯಾರಿದ್ದಾರೆ

ಒಂದಾನೊಂದು ಕಾಲದಲ್ಲಿ, ಅಂದರೆ ರಾಜಾಜಿನಗರದ ಹೊಸ ಗೋಡೆಗಳ ಸುಣ್ಣ ಇನ್ನೂ ಕೈಗೆ ಹತ್ತುತ್ತಿದ್ದ ಕಾಲದಲ್ಲಿ, ಒಂದು ಅಡುಗೆಮನೆಯ ಹೊಗೆಗೂಡಿನೊಳಗೆ ಯಾರೋ ವಾಸವಾಗಿದ್ದರು. ಅವರನ್ನು ಕಂಡವರಿಲ್ಲ. ಆಷಾಢದ ಮಳೆ ಹಿಡಿದ ದಿನದಿಂದ ಅವರ ವಾಸನೆ ಮಾತ್ರ ಇಳಿದು ಬರುತ್ತಿತ್ತು. ಹಸಿ ಮಸಿ, ಕೊಳೆತ ಹುಳಿ, ಜೊತೆಗೆ ಹೆಸರಿಡಲಾಗದ ಇನ್ನೊಂದೇನೋ.

ಹದಿನೇಳರ ಮುನಿಲಕ್ಷ್ಮಿಗೆ ಅದು ಒಬ್ಬ ರಾಣಿ. ಒದ್ದೆ ಕೂದಲು ಇಳಿಬಿಟ್ಟು ಕತ್ತಲಲ್ಲಿ ಕೂತ ರಾಣಿ. ಮಳೆ ಬಂದಾಗ ತಲೆ ಹಿಂಡುತ್ತಾಳೆ, ಬೂದಿಯ ಮೇಲೆ ಕಪ್ಪು ಹನಿ ತೊಟಕ್ಕೆಂದು ಬೀಳುತ್ತದೆ. ಒಲೆ ಹಚ್ಚಿದರೆ ಮುನಿಸಿಕೊಂಡು ಹೊಗೆಯನ್ನೆಲ್ಲ ಮನೆಯೊಳಕ್ಕೇ ನೂಕುತ್ತಾಳೆ. ಹೀಗೆ ಕಥೆ ಕಟ್ಟುವುದನ್ನು ಅವಳಿಗೆ ಕಲಿಸಿದವಳು ಅಪ್ಪನ ತಾಯಿ ಅಕ್ಕಯ್ಯಮ್ಮ. ಆದರೆ ಆ ಅಜ್ಜಿಗೇ ಈಗ ಸಾಕುಸಾಕಾಗಿತ್ತು. ಉಣ್ಣಲು ಕೂತರೆ ಎರಡು ತುತ್ತಿಗೆ ಸೆರಗನ್ನು ಮೂಗಿಗೆ ಹಿಡಿದು ಎದ್ದುಬಿಡುತ್ತಿದ್ದಳು.

“ಹೊಲ ಹೋಯ್ತು, ಹಟ್ಟಿ ಹೋಯ್ತು. ಈ ಸಿಮೆಂಟ್ ಮನೇಲಿ ನಾತ ಕುಡ್ಕೊಂಡು ಬದುಕ್ಬೇಕಾ? ಶುಕ್ರವಾರ ಕೆಂಗೇರಿಗೆ, ಮಗಳ ಮನೆಗೆ ಹೊರಟೆ. ಮತ್ತೆ ಬರಲ್ಲ.”

ಮುನಿಲಕ್ಷ್ಮಿ ಅಜ್ಜಿಯ ಸೆರಗು ಹಿಡಿದಳು. ದೀಪ ಹಚ್ಚಿದ ಮೇಲೆ ಕಥೆಯಲ್ಲಿ ಏಳು ಸಮುದ್ರ ದಾಟಿಸಲು ಈ ಮನೆಯಲ್ಲಿ ಅಜ್ಜಿಯಲ್ಲದೆ ಇನ್ನಾರಿದ್ದಾರೆ?

“ಶುಕ್ರವಾರದೊಳಗೆ ಈ ನಾತಾನ ನಾನು ಓಡಿಸ್ತೀನಿ ಅಜ್ಜಿ. ಮಾತು ಕೊಟ್ಟೆ.”

“ನೀನಾ? ಹಾಲುಕ್ಕಿ ಒಲೆ ಆರಿದ್ರೂ ಕಿಟಕೀಲಿ ಮೋಡ ನೋಡ್ಕೊಂಡು ಕೂತಿರೋಳು!”

ಮೊದಲು ಬೇವಿನ ಸೊಪ್ಪು ಸುಟ್ಟಳು. ರಾಣಿ ಕೆಮ್ಮಲಿಲ್ಲ; ಮನೆಯವರೆಲ್ಲ ಕೆಮ್ಮಿದರು. ಬುಧವಾರ ಒಂದು ಬೊಗಸೆ ಸಾಂಬ್ರಾಣಿ ಸುರಿದಳು. ಕಾರ್ಖಾನೆಯಿಂದ ಬಂದ ಅಪ್ಪ ಹನುಮಂತಯ್ಯ ಬಾಗಿಲಲ್ಲೇ ನಿಂತ.

“ಏನವ್ವಾ, ಮದುವೆ ಮಾಡ್ಸಿದ್ಯಾ? ಸಾಂಬ್ರಾಣಿ ಗಂಡು, ನಾತ ಹೆಣ್ಣು. ಜೋಡಿ ಚೆನ್ನಾಗೈತೆ!”

ಗುರುವಾರ ಬೆಳಗ್ಗೆ ಒಲೆ ಹಚ್ಚಗೊಡದೆ, ಮನೆ ಕಟ್ಟಿದ ಗಾರೆ ಕೆಲಸದ ಕೆಂಪಯ್ಯನನ್ನು ಹಿಂದಿನ ಬೀದಿಯಿಂದ ಕರೆತಂದಳು. ಅವನು ಏಣಿ ಹಾಕಿ ತಾರಸಿ ಹತ್ತಿದ. ಸ್ವಲ್ಪ ಹೊತ್ತಿಗೆ ಅವನ ದನಿ ಹೊಗೆಗೂಡಿನೊಳಗಿಂದಲೇ ಇಳಿದು ಬಂತು, ಪಾತಾಳದಿಂದಲೋ ಆಕಾಶದಿಂದಲೋ ತಿಳಿಯದಂತೆ.

“ಮೇಲುಗಡೆ ಬಾಯಿ ತೆರ್ಕೊಂಡೈತೆ ಕಣವ್ವಾ, ಮಳೆ ಸೀದಾ ಒಳಕ್ಕೆ. ಮುಚ್ಚಳ ಇಡದಿದ್ದು ನಂದೇ ತಪ್ಪು. ಆದ್ರೆ ಕೆಳಗೆ ಏನೋ ಅಡ್ಡ ಕೂತೈತೆ. ನಂಗೆ ಎಟುಕಲ್ಲ, ನೀನೇ ನೋಡು!”

ಮುನಿಲಕ್ಷ್ಮಿ ಒಲೆಕಟ್ಟೆ ಹತ್ತಿ, ಕಣ್ಣು ಮುಚ್ಚಿ, ಕತ್ತಲೊಳಗೆ ಕೈ ಚಾಚಿದಳು. ಬೆರಳಿಗೆ ತಣ್ಣಗೆ, ಒದ್ದೆಯಾಗಿ ಏನೋ ಸೋಕಿತು. ಕೂದಲು ಇರಬಹುದೇ? ಹಿಡಿದು ಎಳೆದಳು. ಮಸಿಯ ಮಳೆಯೊಂದಿಗೆ ದಪ್ಪನೆಯ ಗಂಟೊಂದು ದೊಪ್ಪೆಂದು ಬಿತ್ತು. ಹಳೆಯ ಸೀರೆಯ ತುಂಡು. ಒಳಗೆ ಬೂದಿಯ ಕೆಸರು, ಅದರಲ್ಲಿ ಊದಿ, ಮೊಳೆತು, ಕೊಳೆತ ಅವರೆ ಬೀಜ.

ಸದ್ದಿಗೆ ಬಂದ ಅಜ್ಜಿ ಬಾಗಿಲ ಹಿಡಿದು ನಿಂತಳು. ಅದು ಅವಳದೇ ಸೀರೆ.

“ಊರಲ್ಲಿ ಒಲೆ ಮೇಲೆ ಅಟ್ಟ ಇತ್ತು,” ಎಂದಳು ಮೆಲ್ಲಗೆ. “ಬೂದಿ ಬೆರೆಸಿದ ಬೀಜಕ್ಕೆ ಹೊಗೆ ತಾಗ್ತಿದ್ರೆ ಹುಳ ಹಿಡೀತಿರ್ಲಿಲ್ಲ. ಇಲ್ಲಿ ಅಟ್ಟ ಎಲ್ಲೈತೆ? ಇದರೊಳಗೆ ಇನ್ನೂ ಚೆನ್ನಾಗಿ ಹೊಗೆ ಹಿಡೀತದೆ ಅಂತ, ಮನೆಗೆ ಬಂದ ವಾರವೇ ಮೊಳೆ ಹೊಡೆದು ನೇತಾಕಿದ್ದೆ. ನಮ್ಮ ಹೊಲದ ಕೊನೇ ಬೀಜ ಕಣೇ.”

ಎಪ್ಪತ್ತು ವರ್ಷದಲ್ಲಿ ಅಟ್ಟದ ಬೀಜ ನಾರಿದ್ದನ್ನು ಅವಳು ಕಂಡಿರಲಿಲ್ಲ. ಅಟ್ಟಕ್ಕೆ ಹೆಂಚಿತ್ತು, ಹೊಗೆಗೂಡಿಗೆ ಬರಿಯ ಆಕಾಶ.

“ಏನವ್ವಾ ಅದು?” ಮೇಲಿನಿಂದ ಕೆಂಪಯ್ಯ ಕೂಗಿದ.

“ಕಾಗೆ ಗೂಡು ಕಣಣ್ಣಾ!” ಎಂದುಬಿಟ್ಟಳು ಮುನಿಲಕ್ಷ್ಮಿ.

ಅಜ್ಜಿ ಮೊಮ್ಮಗಳನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಒಲೆಯೊಳಕ್ಕೆ ತಲೆ ತೂರಿಸಿ, “ಕಾಗೆದಲ್ಲ ಕಣೋ ಕೆಂಪಯ್ಯ, ಈ ಮುದುಕಿ ಗೂಡು!” ಎಂದಳು. ಕೆಂಪಯ್ಯನ ನಗು ಹೊಗೆಗೂಡಿನ ತುಂಬ ಉರುಳಿಕೊಂಡು ಕೆಳಗೆ ಬಂತು.

“ಈ ಮುಖ ಇಟ್ಕೊಂಡು ಇನ್ನಿಲ್ಲಿ ಹೆಂಗಿರ್ಲಿ? ನಾಳೆ ಹೋಗೇ ಹೋಗ್ತೀನಿ.”

“ಮುಖ ತುಂಬ ಮಸಿ ಐತೆ ಅಜ್ಜಿ, ಯಾರಿಗೂ ಗುರುತು ಹತ್ತಲ್ಲ. ಮಸಿ ಉಜ್ಜೋಕೆ ಅಣ್ಣ ಹಗ್ಗ ಬಿಡ್ತಾನೆ, ಹಿಡ್ಕೋ ಬಾ. ನಾನೊಬ್ಳೇ ಎಳೆಯೋಕಾಗಲ್ಲ.”

ಕೆಂಪಯ್ಯ ಮುಳ್ಳುಕೊಂಬೆಯ ಕಟ್ಟನ್ನು ಹಗ್ಗಕ್ಕೆ ಬಿಗಿದು ಇಳಿಬಿಟ್ಟ. ಅವನು ಮೇಲಕ್ಕೆಳೆದರೆ ಇವರಿಬ್ಬರೂ ಕೆಳಕ್ಕೆಳೆದರು. ಹೆಪ್ಪುಗಟ್ಟಿದ ಮಸಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಕೊಳೆತ ಬೀಜವನ್ನು ಅಜ್ಜಿಯೇ ಮೊರದಲ್ಲಿ ಹೊತ್ತು ಹಿತ್ತಲ ಮೂಲೆಯಲ್ಲಿ ಮಣ್ಣು ಮಾಡಿ ಬಂದಳು. ಬಂದವಳು ಬಿಸಿನೀರು ಬೂದಿ ಹಾಕಿ ಒಲೆಕಟ್ಟೆ ತಿಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಹೊಗೆಗೂಡಿನ ನೆತ್ತಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ, ಅವುಗಳ ಮೇಲೊಂದು ಚಪ್ಪಡಿ ಕೂತಿತು.

ಒಣ ಸರ್ವೆ ಸೌದೆಗೆ ಅಜ್ಜಿ ಬೆಂಕಿ ಹಚ್ಚಿದಳು. ಹೊಗೆ ಮೊದಲು ದಾರಿ ಮರೆತಂತೆ ಒಲೆಯ ಬಾಯಲ್ಲೇ ಸುಳಿಯಿತು. ಆಮೇಲೆ ಅದು ಮೆತ್ತಗೆ ಮೈ ತಿರುಗಿಸಿ, ನೆಟ್ಟಗೆ ಮೇಲೇರಿತು. ಹೊರಗೆ ತುಂತುರು ಶುರುವಾಗಿತ್ತು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಅಜ್ಜಿ ಮೂಗರಳಿಸಿ ಮೂರು ಸಲ ಮೂಸಿದಳು.

“ಎಸರಿಡು,” ಎಂದಳು. “ಹೊಟ್ಟೆ ಚುರುಗುಟ್ಟುತೈತೆ. ಕೆಂಗೇರಿಗೆ ಶ್ರಾವಣದ ಹಬ್ಬ ಕಳೆದ್ಮೇಲೆ ಹೋಗಿ ನಾಕು ದಿನ ಇದ್ದು ಬಂದ್ರಾಯ್ತು.”

ಅಡುಗೆಮನೆಯಲ್ಲಿ ಉರಿಯುವ ಸರ್ವೆಯ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.