ಮಳೆಗೆ ಮಬ್ಬಾಗದ ಕನ್ನಡಕ

ಕನ್ನಡಕ ತೆಗೆದರೆ ಈರಬಸಪ್ಪನಿಗೆ ಹತ್ತು ಅಡಿ ಆಚೆ ನಿಂತವರ ಮುಖ ತಿಳಿಯುತ್ತಿರಲಿಲ್ಲ. ಬೈಲಹೊಂಗಲದಿಂದ ಪುಣೆಗೆ ಬಂದು ಅಲ್ಲಿನ ದಂಡುಪ್ರದೇಶವಾದ ಕ್ಯಾಂಪಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೇಲೆ ಗಾಜು ಇನ್ನಷ್ಟು ದಪ್ಪವಾಗಿತ್ತು. ಆದರೆ ಕಾಲಲ್ಲಿ ಕಸುವಿತ್ತು. ಸೈಕಲ್ಲು ಹತ್ತಿದನೆಂದರೆ ಅವನಿದ್ದ ಸದಾಶಿವ ಪೇಠದಲ್ಲಿ ಅವನಿಗೆ ಸರಿಸಮ ಬರುವವನು ಒಬ್ಬನೇ, ಅದೇ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಬೆಳಗಾವಿಯ ಅವಧೂತ. ಇಬ್ಬರೂ ಉಣ್ಣುತ್ತಿದ್ದುದು ಉಡುಪಿ ಕಡೆಯ ಲೀಲಾಕ್ಷಿಯಮ್ಮನ ಖಾನಾವಳಿಯಲ್ಲಿ.

ಪೇಠದ ಸೈಕಲ್ ಸಂಘದವರು ಶ್ರಾವಣದ ಮೊದಲ ರವಿವಾರ ಊರಾಚೆಯ ಹಡಪಸರದ ಕಬ್ಬಿನ ಗದ್ದೆಗಳ ತನಕ ಹೋಗಿ ಮರಳುವ ಪಂದ್ಯ ಇಡುತ್ತಿದ್ದರು. ೧೯೩೪ರ ಪಂದ್ಯದಲ್ಲಿ ಹಡಪಸರ ಮುಟ್ಟುವಾಗ ಈರಬಸಪ್ಪನೇ ಮುಂದಿದ್ದ. ಅಷ್ಟರಲ್ಲಿ ಮಳೆ ಬಡಿಯಿತು. ಗಾಜಿನ ಹೊರಗೆ ಹನಿ, ಒಳಗೆ ಅವನದೇ ಉಸಿರಿನ ಮಬ್ಬು. ಇಳಿದು, ನೆನೆದ ಅಂಗಿಯ ಚುಂಗಿನಿಂದ ಒರೆಸಿದಷ್ಟೂ ಕೆಟ್ಟಿತು. ಹಿಂದೆ ಬಂದ ಅವಧೂತನೂ ಇಳಿದ.

"ತಾ ಇಲ್ಲಿ. ನನ್ನ ಕಡೆ ಒಣಾ ಅರಿವಿ ಅದ, ಒರಸಿ ಕೊಡ್ತೀನಿ."

ಈರಬಸಪ್ಪ ಕೊಟ್ಟ. ಅವಧೂತ ಕನ್ನಡಕವನ್ನು ಕಿಸೆಗೆ ಹಾಕಿಕೊಂಡು ಸೈಕಲ್ಲು ಹತ್ತಿ ಹೊರಟೇಬಿಟ್ಟ.

ಸಿಟ್ಟಿನಲ್ಲಿ ಈರಬಸಪ್ಪ ಕಂಡೂ ಕಾಣದ ದಾರಿಯಲ್ಲಿ ಅವನ ಬೆನ್ನು ಹತ್ತಿ, ಎದುರು ಬಂದ ಎತ್ತಿನ ಗಾಡಿಗೆ ಹೋಗಿ ಗುದ್ದಿದ. ಮುಂದಿನ ಎರಡು ಹಲ್ಲು ಹೋದವು, ಬಲಗೈ ಮಣಿಕಟ್ಟು ಮುರಿಯಿತು. ಗೆದ್ದವರಿಗೆ ಕೊಡುವ ಕಪ್ ಅವಧೂತನಿಗೆ ಸಿಕ್ಕಿತು. ಆ ಸಂಜೆ ಅವನು ಕನ್ನಡಕ ಮರಳಿ ಕೊಟ್ಟು, ಖಾನಾವಳಿಯ ಪಂಕ್ತಿಯಲ್ಲಿ ಎದ್ದು ನಿಂತು, ಈರಬಸಪ್ಪ ಕೈ ಚಾಚಿ ತಡಕಾಡಿದ್ದನ್ನು ಅಭಿನಯಿಸಿ ತೋರಿಸಿದ. ಉಣ್ಣುವವರು ತುತ್ತು ನೆತ್ತಿಗೇರುವಂತೆ ನಕ್ಕರು.

ನಗೆ ಅಲ್ಲಿಗೆ ನಿಲ್ಲಲಿಲ್ಲ. ಕಥೆ ರೈಲು ಹತ್ತಿ ಬೈಲಹೊಂಗಲಕ್ಕೂ ಹೋಯಿತು. ಈರಬಸಪ್ಪನಿಗೆ ಗೊತ್ತು ಮಾಡಿದ್ದ ಹುಡುಗಿ ಸಾವಂತ್ರವ್ವ. ಒಮ್ಮೆ ಮಾತ್ರ ನೋಡಿದ್ದ, ಹಿತ್ತಲ ಬಾಗಿಲಲ್ಲಿ ನಿಂತು ನಕ್ಕಿದ್ದಳು. ಅವಳ ತಂದೆ ಬರೆಸಿದ ಕಾಗದದಲ್ಲಿ ಇದ್ದುದು ಎರಡೇ ಸಾಲು: "ಕಣ್ಣು ಕಾಣದವಗ ಮಗಳನ್ನ ಹ್ಯಾಂಗ ಕೊಡೋದ್ರಿ? ಸಿಟ್ಟಾಗಬ್ಯಾಡ್ರಿ." ಆ ಮಾಘದಲ್ಲೇ ಅವಳನ್ನು ಗೋಕಾಕಕ್ಕೆ ಕೊಟ್ಟರು.

ಈರಬಸಪ್ಪ ಅವಧೂತನೊಡನೆ ಜಗಳ ತೆಗೆಯಲಿಲ್ಲ. ಪಂಕ್ತಿಯಲ್ಲಿ ಕೇಳಿದರೆ ಉಪ್ಪು ಸರಿಸಿ ಕೊಡುತ್ತಿದ್ದ. ಒಳಗೆ ಮಾತ್ರ ಒಂದೇ ಹಟ: ಇವನನ್ನು ಮಳೆಯಲ್ಲೇ, ಇದೇ ಕನ್ನಡಕ ಹಾಕಿಕೊಂಡೇ ಮಣ್ಣು ಮುಕ್ಕಿಸಬೇಕು.

ಕೈ ಕೂಡಿದ ಮೇಲೆ ಲೀಲಾಕ್ಷಿಯಮ್ಮನ ಅಡುಗೆಮನೆಯಲ್ಲಿ ಅವನ ಪ್ರಯೋಗ ಶುರುವಾಯಿತು. ಗಾಜಿಗೆ ಏನಾದರೂ ಬಳಿಯುವುದು, ಕುದಿಯುವ ಅನ್ನದ ಹಂಡೆಯ ಮೇಲೆ ಮುಖ ಹಿಡಿಯುವುದು. ಕೊಬ್ಬರಿ ಎಣ್ಣೆ ಹಚ್ಚಿದರೆ ಪ್ರತಿ ದೀಪಕ್ಕೂ ಬಳೆ ಕಟ್ಟಿದಂತಾಯಿತು. ಹೆಚ್ಚಿದ ಬಟಾಟೆಯಿಂದ ಉಜ್ಜಿದ್ದು ಅರ್ಧ ತಾಸು ನಿಂತಿತು. ಔಷಧ ಅಂಗಡಿಯ ಗ್ಲಿಸರಿನ್ನಿಗೆ ಬೀದಿಯ ಧೂಳೆಲ್ಲ ಅಂಟಿತು.

"ನಿಮಗೆಂತ ಆಗಿದೆ ಮಾರಾಯ್ರೆ? ಮುಖ ಬೇಯಿಸಿಕೊಳ್ತೀರಾ?" ಎಂದಳು ಲೀಲಾಕ್ಷಿಯಮ್ಮ.

"ಒಂದು ಲೆಕ್ಕಾ ತೀರಿಸೋದದ ರೀ."

ಅವಳು ಬಚ್ಚಲಿಗೆ ಹೋದಳು. ಮೈಗೆ ಹಚ್ಚುವ ಸಾಬೂನಿನ ಒಣ ತುಂಡೊಂದನ್ನು ತಂದು ಅವನ ಕೈಯಲ್ಲಿಟ್ಟಳು. ಅದನ್ನು ಒಣಗಾಜಿನ ಒಳಮೈಗೆ ತೆಳ್ಳಗೆ ಉಜ್ಜಿ, ಉಣ್ಣೆ ಬಟ್ಟೆಯಿಂದ ಹೊಳೆಯುವವರೆಗೆ ಒರೆಸಿ ಹಂಡೆಯ ಮೇಲೆ ಹಿಡಿದ. ಹಬೆ ಸುತ್ತಲೂ ಏರಿತು, ಗಾಜು ತಿಳಿಯಾಗಿಯೇ ಉಳಿಯಿತು.

ಹೊರಗಿನ ಹನಿಗೆ ಬೇರೆ ಉಪಾಯ ಬೇಕಾಯಿತು. ರಟ್ಟಿಗೆ ಮೇಣಗಪ್ಪಡ ಹೊಲಿದು, ನಾಲ್ಕು ಬೆರಳು ಉದ್ದದ ಸೂರು ಮಾಡಿ ಟೊಪ್ಪಿಗೆಗೆ ಕಟ್ಟಿದ. ಗದ್ದ ತುಸು ತಗ್ಗಿಸಿ ಓಡಿಸುವುದನ್ನು ರೂಢಿ ಮಾಡಿಕೊಂಡ. ಜ್ಯೇಷ್ಠ, ಆಷಾಢದ ಒಂದು ಮಳೆಯನ್ನೂ ಬಿಡದೆ ಹಡಪಸರದ ದಾರಿ ತುಳಿದ.

ಮರುವರ್ಷದ ಪಂದ್ಯದ ದಿನ ಬೆಳಗಿನಿಂದಲೇ ಮಳೆ. ಟೊಪ್ಪಿಗೆಯ ಸೂರು ನೋಡಿ ಅವಧೂತ ಎಲ್ಲರಿಗೂ ಕೇಳುವಂತೆ ಕೂಗಿದ: "ಏನೋ ಈರ್‍ಯಾ, ಮನಿ ಛಾವಣಿ ಕಿತ್ಕೊಂಡು ಬಂದೀ ಏನು?"

ಈರಬಸಪ್ಪ ಟೊಪ್ಪಿಗೆಯ ದಾರ ಬಿಗಿದುಕೊಂಡ. ಹಡಪಸರದಿಂದ ಮರಳುವಾಗ ಉಳಿದವರೆಲ್ಲ ಹಿಂದೆ ಬಿದ್ದು, ಇವರಿಬ್ಬರೇ ಜೋಡಿಯಾಗಿದ್ದರು. ಗಾಳಿ ಎದುರಿನಿಂದ ಬೀಸುತ್ತಿತ್ತು. ಹನಿಗಳು ಹರಳು ಎಸೆದಂತೆ ಬಡಿಯುತ್ತಿದ್ದವು. ಬರಿಗಣ್ಣಿನ ಅವಧೂತ ಕಣ್ಣು ತೆರೆಯಲಾರದೆ, ಒಂದು ಕೈ ಹಣೆಗೆ ಅಡ್ಡ ಹಿಡಿದು, ತಲೆ ತಗ್ಗಿಸಿ ತುಳಿಯುತ್ತಿದ್ದ. ಈರಬಸಪ್ಪನಿಗೆ ಮಾತ್ರ ದಾರಿ ಸ್ವಚ್ಛ ಕಾಣುತ್ತಿತ್ತು. ಮುಂದೆ ನೂರು ಮಾರಿನಲ್ಲಿ, ದಾರಿಯ ಎಡಭಾಗ ಪೂರ್ತಿ ತುಂಬಿ, ಹುಣಿಸೆಯ ದಪ್ಪ ಟೊಂಗೆಯೊಂದು ಮುರಿದು ಬಿದ್ದಿದ್ದೂ ಕಂಡಿತು. ಅವಧೂತ ಎಡಕ್ಕೇ ಇದ್ದ.

ಕೂಗಲು ಸಮಯವಿತ್ತು. ಬಾಯಿ ತೆರೆದದ್ದೂ ಉಂಟು. ಹಲ್ಲಿಲ್ಲದ ಸಂದಿಗೆ ತಣ್ಣನೆ ಗಾಳಿ ತಾಗಿತು. ಬಾಯಿ ಮುಚ್ಚಿ, ಸದ್ದಿಲ್ಲದೆ ಬಲಕ್ಕೆ ಸರಿದ.

ಹಿಂದೆ ಕಬ್ಬಿಣ ಕಟ್ಟಿಗೆಗೆ ಬಡಿದ ಸಪ್ಪಳ ಕೇಳಿತು, ಆಮೇಲೆ ಒಂದು ಚೀರು. ಅವನು ತಿರುಗಿ ನೋಡಲಿಲ್ಲ. ಪೇಠ ಮುಟ್ಟಿದಾಗ ಕೊರಳಿಗೆ ಹಾರ ಬಿತ್ತು, ಕಪ್ ಕೈಗೆ ಬಂತು.

ಮರುದಿನ ಕೆಲಸ ಬಿಟ್ಟ ಮೇಲೆ ಆಸ್ಪತ್ರೆಗೆ ಹೋದ. ಅವಧೂತನ ಬಲಭುಜ ಪೂರ್ತಿ ಕಟ್ಟಿದ್ದರು. ಮೊಳೆ ಹಿಡಿಯುವುದು ಇನ್ನು ಮೂರು ತಿಂಗಳು ಸಾಧ್ಯವಿರಲಿಲ್ಲ.

"ಟೊಂಗಿ ನಾ ನೋಡಿದ್ದೆ," ಎಂದ ಈರಬಸಪ್ಪ, ನಿಂತುಕೊಂಡೇ. "ನೂರು ಮಾರಿನಿಂದನ ನೋಡಿದ್ದೆ. ಹೇಳ್ಲಿಲ್ಲ."

ಅವಧೂತ ದಿಂಬಿನಿಂದ ತಲೆ ಎತ್ತಿದ. "ಇದನ್ನ ಹೇಳಾಕ ಇಲ್ಲೀ ತನಕಾ ಬಂದೀ ಏನು? ಸುಮ್ನಿದ್ರ ನನಗ ತಿಳೀತಿರಲಿಲ್ಲ."

"ನಿನಗ ತಿಳೀಲಿ ಅಂತನ ಬಂದೆ. ತಿಳೀದ ಬಿದ್ರ ಅದು ಬರೇ ಮಳಿ ಮಾಡಿದ ಕೆಲಸ ಆಗ್ತಿತ್ತು. ಇದು ನನ್ನ ಕೆಲಸ."

"ನಂದು ಚ್ಯಾಷ್ಟಿ ಆಗಿತ್ತೋ ಈರ್‍ಯಾ."

"ನಂದಲ್ಲ."

ಅವಧೂತ ಗೋಡೆಯ ಕಡೆ ಮುಖ ತಿರುಗಿಸಿದ. ಈರಬಸಪ್ಪ ಹೊರಗೆ ಬಂದ.

ಹದಿನೈದು ದಿನದ ಮೇಲೆ ಅವಧೂತ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಖಾನಾವಳಿಗೆ ಬಂದ. ಹೇಗೆ ಬಿದ್ದೆ ಎಂದು ಪಂಕ್ತಿಯವರು ಕೇಳಿದರು. ಈರಬಸಪ್ಪ ಕೈ ತಡೆದು ಕಾದ. ಅವಧೂತ ಎಡಗೈಯಲ್ಲಿ ಅನ್ನ ಕಲಸುತ್ತ, "ಕಾಣ್ಲಿಲ್ಲ, ಬಿದ್ದೆ," ಎಂದಷ್ಟೇ ಹೇಳಿದ. ಆ ದಿನ ಯಾರೂ ನಗಲಿಲ್ಲ.

ಮನಸ್ಸು ಚುಚ್ಚೀತೇನೋ ಎಂದು ಈರಬಸಪ್ಪ ತನ್ನನ್ನೇ ತಾನು ಗಮನಿಸಿಕೊಂಡ. ಚುಚ್ಚಲಿಲ್ಲ. ಹೊಟ್ಟೆ ಮಾತ್ರ ಹಸಿದಿತ್ತು. ಬಡಿಸುತ್ತ ಬಂದ ಲೀಲಾಕ್ಷಿಯಮ್ಮ ಇಬ್ಬರ ಮುಖವನ್ನೂ ನೋಡಿ, ಅವನ ಎಲೆಯ ಮುಂದೆ ಬಗ್ಗಿ ಮೆಲ್ಲಗೆ ಕೇಳಿದಳು: "ಇನ್ನು ಸಾಕಲ್ಲ?"

"ಸಾಕ್ರಿ," ಎಂದ ಅವನು. "ಸಾರು ಹಾಕ್ರಿ."