ಅವಳ ಪ್ರಶ್ನೆ, ನನ್ನ ಬಾಯಿ

ನನ್ನ ಹೆಂಡತಿ ಸಂಜೆ ಕಾಲೇಜಿಗೆ ಸೇರಿದ ಮೊದಲ ವಾರವೇ ಪರಗಂಡಸಿನ ಕಿವಿ ಕಚ್ಚಿದಳು. ಈ ಮಾತನ್ನು ಅವಳೇ ಊಟ ಬಡಿಸುತ್ತಾ, ನಗುನಗುತ್ತಾ ಹೇಳಿದಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

"ಪಕ್ಕದಲ್ಲಿ ನಮ್ಮ ಕ್ಲಾಸಿನ ಒಬ್ಬ ಬಸ್ ಕಂಡಕ್ಟರ್ ಕೂತಿದ್ದ ಕಣ್ರೀ. ಮೇಷ್ಟ್ರು ಯಾವುದೋ ಯುದ್ಧದ ಪಾಠ ಮಾಡ್ತಿದ್ರು. ಅಷ್ಟೊಂದು ಸಾವಿರ ಸೈನಿಕರು ಅಂದ್ರಲ್ಲ, ಅವರ ಬಟ್ಟೆ ಯಾರು ಒಗೀತಿದ್ರು ಅಂತ ನಂಗೆ ಅನುಮಾನ ಬಂತು. ಅಭ್ಯಾಸ ನೋಡಿ, ಬಾಯಿಗೆ ಕೈ ಅಡ್ಡ ಇಟ್ಕೊಂಡು ಅವನ ಕಿವೀಲಿ ಹೇಳ್ಬಿಟ್ಟೆ. ಆ ಪುಣ್ಯಾತ್ಮ ಎದ್ದು ನಿಂತು ಕೇಳೇಬಿಟ್ಟ!"

"ಆಮೇಲೆ?"

"ಒಳ್ಳೇ ಪ್ರಶ್ನೆ ಅಂದ್ರು ಮೇಷ್ಟ್ರು. ಪಾಠ ಬಿಟ್ಟು ಅದನ್ನೇ ಮಾತಾಡಿದ್ರು."

"ಒಳ್ಳೇ ಪ್ರಶ್ನೆ ಅಂತ ಯಾರಿಗಂದ್ರು?"

"ಕಂಡಕ್ಟರ್‌ಗೆ. ಇನ್ಯಾರಿಗೆ?"

ಅವಳಿಗೆ ಇದು ತಮಾಷೆ. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಸಭೆಯ ವಿಷಯ ಹೇಳಬೇಕು.

ನಾವಿಬ್ಬರೂ ಹುಟ್ಟಿ ಬೆಳೆದದ್ದು ಬಹಳ ಕಟ್ಟುನಿಟ್ಟಿನ ಒಂದು ಧಾರ್ಮಿಕ ಪಂಗಡದಲ್ಲಿ, ಅದನ್ನು ನಾವು ಸಭೆ ಅನ್ನುತ್ತಿದ್ದೆವು. ದೇವರು, ನೆಂಟರು, ಪೊಲೀಸು, ಎಲ್ಲವೂ ನಮಗೆ ಅದೇ ಆಗಿತ್ತು. ಹೆಣ್ಣುಮಕ್ಕಳಿಗೆ ಓದಲು ಬರೆಯಲು ಬಂದರೆ ಸಾಕು, ಅದರಾಚೆಯದು ಅಹಂಕಾರ. ಯಾರು ಯಾರನ್ನು ಮದುವೆಯಾಗಬೇಕು ಎಂದು ಗೊತ್ತುಮಾಡುವವರು ಸಭೆಯ ಹಿರಿಯರು. ನನಗೆ ಇವಳನ್ನು, ಇವಳಿಗೆ ನನ್ನನ್ನು ಗಂಟುಹಾಕಿದವರೂ ಅವರೇ. ಪ್ರಾರ್ಥನೆಯ ಕೋಣೆಯಲ್ಲಿ ಹೆಂಗಸಿನ ದನಿ ಕೇಳಿಸಕೂಡದು. ಅವಳಿಗೆ ಸಂಶಯ ಬಂದರೆ ಪಕ್ಕದಲ್ಲಿ ಕೂತ ಗಂಡನ ಕಿವಿಯಲ್ಲಿ ಹೇಳಬೇಕು, ಅವನು ಎದ್ದು ನಿಂತು ಕೇಳಬೇಕು. ಪ್ರಶ್ನೆ ಯಾರದ್ದೆಂದು ಯಾರೂ ವಿಚಾರಿಸುವ ಹಾಗಿಲ್ಲ. ಬೇರೆ ಹೆಂಗಸರಿಗೆ ವರ್ಷಕ್ಕೊಂದು ಸಂಶಯ ಬಂದರೆ ಹೆಚ್ಚು. ನನ್ನವಳಿಗೆ ವಾರ ತಪ್ಪುತ್ತಿರಲಿಲ್ಲ.

ನಾನು ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು, ಸವೆದ ಹಗ್ಗ ಬದಲಿಸುವುದು, ಬಾಗಿಲು ಸರಿಯಾಗಿ ಕೂರುವಂತೆ ಮಾಡುವುದು ನನ್ನ ಕೆಲಸ. ದೇವರ ವಿಚಾರದಲ್ಲಿ ನನ್ನ ತಲೆಗೆ ಒಂದೇ ಒಂದು ಸಂಶಯ ಹೊಳೆದದ್ದಿಲ್ಲ, ಆಣೆಗೂ. ಆದರೂ ಸಭೆಯಲ್ಲಿ ನನಗೆ 'ಪ್ರಶ್ನೆಯಣ್ಣ' ಎಂದು ಹೆಸರು ಬಿತ್ತು. ನಾನು ಎದ್ದು ನಿಂತರೆ ಮುಂದಿನ ಸಾಲಿನವರು ಕತ್ತು ತಿರುಗಿಸುತ್ತಿದ್ದರು. ಹಿರಿಯರು ಬೆನ್ನು ತಟ್ಟಿದರೆ ಬೇಡ ಅನ್ನಲು ನಾನೇನು ಸನ್ಯಾಸಿಯೇ? ಜೊತೆಗೆ ಅವಳು ಪಿಸುಗುಡುತ್ತಿದ್ದ ನನ್ನ ಆ ಎಡಗಿವಿ. ಬಿಸಿ ಉಸಿರು, ಅಡ್ಡ ಹಿಡಿದ ಅಂಗೈ, ಇಸ್ತ್ರಿಯ ವಾಸನೆ. ಆಗಲೂ ಈಗಲೂ ಅವಳಿಗೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಕೆಲಸ. ಹಿರಿಯರು ಗಂಟುಹಾಕಿದ ಮದುವೆಯಲ್ಲಿ ಪ್ರೀತಿ ಅನ್ನುವುದು ಎಲ್ಲಾದರೂ ಹುಟ್ಟಿದ್ದರೆ ಆ ಕಿವಿಯಲ್ಲೇ ಹುಟ್ಟಿತು.

ನಾವು ಸಭೆ ಬಿಟ್ಟದ್ದೂ ಅದೇ ಕಿವಿಯಿಂದ. ಹಿಂದಿನ ಸಾಲಿನಲ್ಲಿ ಒಬ್ಬ ವಿಧವೆ ಕೂರುತ್ತಿದ್ದರು. "ಗಂಡ ಸತ್ತವಳು ತನ್ನ ಸಂಶಯ ಯಾರ ಕಿವೀಲಿ ಹೇಳ್ಬೇಕು, ಕೇಳಿ" ಅಂದಳು ಇವಳು. ಕೇಳಿದೆ. ವಿಧವೆಗೆ ಸಂಶಯ ಬರಕೂಡದು ಅಂದರು ಹಿರಿಯರು. ನಾನು ಕೂತೆ. "ಬಂದ್ರೆ?" ಅಂದಳು. ನಾನು ಮತ್ತೆ ಎದ್ದೆ, "ಬಂದ್ರೆ?" ಅಂದೆ. ಒಂದೇ ದಿನ ಎರಡು ಸಲ ಎದ್ದವನು ಅಲ್ಲಿ ಯಾರೂ ಇರಲಿಲ್ಲ. ತಪ್ಪಾಯ್ತು ಅನ್ನು ಎಂದರು. ಅನ್ನಲು ಬಾಯಿ ತೆರೆದೂ ಇದ್ದೆ, ಇವಳು ಅಂಗಿ ಹಿಡಿದೆಳೆದು ಕೂರಿಸಿದಳು. ಮರುವಾರದಿಂದ ನಮ್ಮ ಮುಖ ನೋಡುವವರಿಲ್ಲ. ನನ್ನ ಹೆತ್ತ ತಾಯಿಯೇ ಬಾಗಿಲು ಹಾಕಿಕೊಂಡಳು. ಇಷ್ಟು ಕಳೆದುಕೊಂಡು ಗಳಿಸಿದ ಕಿವಿಯ ಜಾಗಕ್ಕೆ ಒಬ್ಬ ಕಂಡಕ್ಟರ್ ಬಂದು ಕೂತರೆ ನಾನು ಸುಮ್ಮನಿರಬೇಕಂತೆ.

ಹೊರಗೆ ಬಂದ ಮೇಲೆ ಇವಳು ಹಠ ಹಿಡಿದು ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗಿ, ಸಂಜೆ ಕಾಲೇಜು ಸೇರಿದಳು. ನಾನೇ ಚೀಲ ಕೊಡಿಸಿದೆ. ಎಲ್ಲರ ಮುಂದೆ "ನಮ್ಮನೆಯವಳು ಬಿ.ಎ. ಓದ್ತಿದ್ದಾಳೆ" ಎಂದು ಹೇಳಿಕೊಂಡು ತಿರುಗಿದವನೂ ನಾನೇ. ಎಲ್ಲಿಯವರೆಗೆ? ಕಂಡಕ್ಟರ್ ಬರುವವರೆಗೆ.

ಮರುದಿನ ಕೆಲಸ ಬೇಗ ಮುಗಿಸಿ ಕಾಲೇಜಿಗೆ ಹೋದೆ. ಕರೆದುಕೊಂಡು ಬರಲು ಅಂತ ನನಗೆ ನಾನೇ ಹೇಳಿಕೊಂಡೆ. ಕೋಣೆಯ ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇತ್ತು. ಅದಕ್ಕೆ ಮುಖ ಹಚ್ಚಿ ನೋಡಿದೆ. ಮೂರನೆಯ ಬೆಂಚಿನಲ್ಲಿ ಇವಳು, ಪಕ್ಕದಲ್ಲಿ ಅವನು. ಡ್ಯೂಟಿಯ ಅಂಗಿಯಲ್ಲೇ ಬಂದಿದ್ದ, ಬೆರಳಿನ ಸಂದಿಯಲ್ಲಿ ಟಿಕೆಟ್ ಮಡಚುವ ಹಾಗೆ ಒಂದು ಕಾಗದ ಮಡಚುತ್ತಿದ್ದ. ನೋಡುತ್ತಿದ್ದಂತೆ ಇವಳು ಓರೆಯಾದಳು. ಅಂಗೈ ಅಡ್ಡ ಬಂತು. ಅವನು ಕಣ್ಣು ಅರೆ ಮುಚ್ಚಿ, ತಲೆ ಸ್ವಲ್ಪ ಬಾಗಿಸಿ ಕೇಳಿಸಿಕೊಂಡ. ಅಯ್ಯೋ, ಆ ತಲೆ ಬಾಗಿಸುವುದು ನನ್ನದು! ಅವನು ಎದ್ದ, ಕೇಳಿದ, ಮೇಷ್ಟ್ರು ಭೇಷ್ ಅಂದರು, ಅವನು ಕೂತ. ಇವಳ ಮುಖದಲ್ಲಿ ನಗು. ನಾನು ಕರೆದುಕೊಂಡು ಬರುವುದನ್ನೂ ಮರೆತು ಒಬ್ಬನೇ ಮನೆಗೆ ಬಂದೆ.

ಅವಳು ಬಂದು ಚೀಲ ಇಡುವ ಮೊದಲೇ ಕೂಗಾಡಿದೆ.

"ನಾಚಿಕೆ ಆಗಲ್ವಾ? ಕಂಡಕಂಡವರ ಕಿವಿ ಕಚ್ಚೋಕೆ ಕಾಲೇಜಿಗೆ ಹೋಗ್ಬೇಕಾ? ದೇವರು ಬಾಯಿ ಕೊಟ್ಟಿಲ್ವಾ ನಿಂಗೆ? ಇನ್ಮೇಲೆ ನಿನ್ನ ಪ್ರಶ್ನೆ ನೀನೇ ಕೇಳು!"

ಜಗಳ ಹತ್ತಿಕೊಳ್ಳುತ್ತದೆ ಅಂತ ಸಿದ್ಧನಾಗಿ ನಿಂತೆ. ಅವಳು ಚೀಲ ಹಿಡಿದೇ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತು.

"ನೀವೇ ಹೇಳ್ತಿದ್ದೀರಾ ಈ ಮಾತು?" ಅಂದಳು. "ಎದ್ದು ನಿಲ್ಲೋಕೆ ದಿನಾ ಮನಸ್ಸಾಗ್ತಿತ್ತು ಕಣ್ರೀ. ಕಾಲೇ ಏಳ್ತಿರಲಿಲ್ಲ. ನಿಮಗೆ ಏನನ್ನಿಸುತ್ತೋ ಅಂತಾನೂ ಇತ್ತು. ಇಷ್ಟು ವರ್ಷ ನನ್ನ ಪರವಾಗಿ ನೀವೇ ಎದ್ದಿದ್ದಲ್ವಾ."

ಹೊಟ್ಟೆಕಿಚ್ಚಿಗೆ ಆಡಿದ ಮಾತು ದೊಡ್ಡ ಮನಸ್ಸಿನವನ ಮಾತಾಗಿ ಹೋಯಿತು. ಹಾಗಲ್ಲ ಕಣೇ, ಮೊದಲಿನ ಹಾಗೆ ನನ್ನ ಕಿವಿಗೇ ಹೇಳು, ನಾಳೆ ನಾನೇ ಬಂದು ಕೇಳುತ್ತೇನೆ ಎನ್ನಲಾಗುತ್ತದೆಯೇ? ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ. ಸುಮ್ಮನೆ ಗಂಭೀರವಾಗಿ ತಲೆಯಾಡಿಸಿದೆ.

ಮರುದಿನ ಮತ್ತೆ ಗಾಜಿಗೆ ಮುಖ ಹಚ್ಚಿದೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಮಾತೂ ಕೇಳುತ್ತಿತ್ತು. ಪಾಠದ ನಡುವೆ ಇವಳು ಓರೆಯಾಗಲು ಹೋಗಿ ತಡೆದಳು. ಬೆಂಚಿನ ಅಂಚು ಹಿಡಿದಳು. ಕಂಡಕ್ಟರ್ ಆಗಲೇ ತಲೆ ಬಾಗಿಸಿ ಕಾಯುತ್ತಿದ್ದ. ಅವಳು ಎದ್ದು ನಿಂತಳು. ದನಿ ಬಿರುಕು ಬಿಟ್ಟಂತೆ ಹೊರಟಿತು, ಮೊದಲ ಎರಡು ಪದ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೇಳಿದಳು.

ಪ್ರಶ್ನೆ ಪೂರಾ ದಡ್ಡ ಪ್ರಶ್ನೆ. ಕಾಲು ಗಂಟೆಯ ಹಿಂದಷ್ಟೇ ಮೇಷ್ಟ್ರು ಹೇಳಿ ಮುಗಿಸಿದ್ದನ್ನೇ ಕೇಳಿದ್ದಳು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. "ಈಗ ತಾನೇ ಹೇಳಿದ್ನಲ್ಲಮ್ಮ" ಅಂದ ಮೇಷ್ಟ್ರು ಅದನ್ನೇ ಇನ್ನೊಂದು ಸಲ ಹೇಳಿ ಮುಂದಕ್ಕೆ ಹೋದರು. ನನ್ನ ಕಿವಿಗೆ ಹೇಳಿದ್ದರೆ ಬೇಡ ಅಂತ ತಡೆಯುತ್ತಿದ್ದೆ. ಅವಳ ಎಷ್ಟು ಪ್ರಶ್ನೆಗಳನ್ನು ನಾನು ಹೀಗೆ ಒರೆಸಿ, ಒಪ್ಪ ಮಾಡಿ ಕೇಳಿಲ್ಲ! ಆದರೆ ಅವಳು ತಲೆ ತಗ್ಗಿಸಲಿಲ್ಲ. ಕೂತವಳೇ ಕೈಯಿಂದ ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. ಮದುವೆಯಾದಂದಿನಿಂದ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರ್ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಈಗ ನನಗೆ ಆ ನಗುವನ್ನು ಕಂಡರೇ ಆಗಲಿಲ್ಲ, ಯಾಕೆಂದರೆ ಅದರಲ್ಲಿ ನನ್ನದು ಏನೂ ಇರಲಿಲ್ಲ.

ತರಗತಿ ಬಿಟ್ಟಿತು. ಇವಳು ಮೇಷ್ಟ್ರ ಹತ್ತಿರ ಏನೋ ಮಾತಾಡುತ್ತಾ ಒಳಗೇ ಉಳಿದಳು. ಇವಳು ತೋರಿಸಿದ್ದ ಫೋಟೊ ನೆನಪಿತ್ತೋ ಏನೋ, ಕಂಡಕ್ಟರ್ ಮೆಟ್ಟಿಲಿನ ಹತ್ತಿರ ನನ್ನನ್ನು ಗುರುತು ಹಿಡಿದ.

"ಭಾವಾ, ನಮಸ್ಕಾರ. ಅವರನ್ನ ನಾನು ಅಕ್ಕ ಅಂತೀನಿ, ಅಂದ್ಮೇಲೆ ನೀವು ಭಾವ ತಾನೇ?" ಎಂದು ಹಲ್ಲು ಬಿಟ್ಟ. ಆಮೇಲೆ ಮುಖ ಸಣ್ಣದು ಮಾಡಿಕೊಂಡು ದನಿ ತಗ್ಗಿಸಿದ. "ಅಕ್ಕ ಇವತ್ತು ಯಾಕೆ ನಂಗೆ ಹೇಳ್ಲಿಲ್ಲ? ಬೇಜಾರಾಗಿದೆಯಾ? ಮೇಷ್ಟ್ರು ನನ್ನನ್ನ ಬುದ್ಧಿವಂತ ಅಂತ ತಿಳ್ಕೊಂಡಿದ್ರು ಭಾವ. ಮನೇಲೂ ಹೇಳ್ಕೊಂಡ್ಬಿಟ್ಟಿದ್ದೀನಿ. ನಾಳೆಯಿಂದ ನಾನೇನು ಮಾಡ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಪಾಡು. "ನೀನೇ ಏನಾದ್ರೂ ಕೇಳಪ್ಪ" ಅಂದೆ.

"ನಂಗೆ ಏನೂ ಬರಲ್ವಲ್ಲ ಭಾವ!"

ನನಗೂ ಬರಲ್ಲ ಅಂತ ಹೇಳಲು ಮರ್ಯಾದೆ ಬಿಡಲಿಲ್ಲ.

ಮನೆಯ ದಾರಿಯಲ್ಲಿ ಇವಳ ಕಾಲು ನೆಲದ ಮೇಲಿರಲಿಲ್ಲ. "ಎಂಥಾ ದಡ್ಡ ಪ್ರಶ್ನೆ ಕೇಳ್ದೆ ಕಣ್ರೀ! ಎಲ್ಲರೂ ನಕ್ಕರು. ಅಷ್ಟೇ! ಯಾರೂ ಹೊರಗೆ ಹಾಕ್ಲಿಲ್ಲ, ಯಾರೂ ಬಾಗಿಲು ಹಾಕ್ಕೊಳ್ಳಲಿಲ್ಲ. ನಾಳೆ ಇನ್ನೊಂದು ಕೇಳ್ತೀನಿ." ನನ್ನ ಎಡಗಡೆಯಲ್ಲೇ ನಡೆಯುತ್ತಿದ್ದಳು, ಆದರೆ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. ಬೀಗ ರಿಪೇರಿಯವನೊಬ್ಬ ಅಂಗಡಿಯಿಂದ ತಲೆಯೆತ್ತಿ ನೋಡಿದ. ನಾನು ನಿಂತುಬಿಟ್ಟೆ.

"ಇನ್ನು ನಾನು ನಿಂಗೆ ಯಾತಕ್ಕೆ?" ಅಂದೆ.

ಅವಳೂ ನಿಂತಳು. ನಗು ಹೋಯಿತು. "ಇದು ನಿಮ್ಮದೇ ಪ್ರಶ್ನೆನಾ?"

"ನಂದೇ. ಇನ್ಯಾರದು?"

ಛೇ, ಹೀಗೆಲ್ಲ ಯಾಕೆ ಕೇಳ್ತೀರಿ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ನನ್ನ ಮುಖವನ್ನು ಹೊಸಬನ ಮುಖದ ಹಾಗೆ ನೋಡಿದಳು.

"ಹಿರಿಯರು ಕೊಟ್ರು, ನಾನು ಬಂದೆ" ಅಂದಳು ಮೆಲ್ಲಗೆ. "ಯಾತಕ್ಕೆ ಅಂತ ನಾನೂ ಯಾವತ್ತೂ ಕೇಳ್ಕೊಂಡಿಲ್ಲ. ಈಗಿಂದೀಗ್ಲೇ ಹೇಳು ಅಂದ್ರೆ ಸಮಾಧಾನಕ್ಕೆ ಏನೋ ಒಂದು ಹೇಳ್ಬಹುದು. ಅದು ಬೇಕಾ?"

"ಬೇಡ."

"ಹಾಗಿದ್ರೆ ಯೋಚನೆ ಮಾಡಿ ಹೇಳ್ತೀನಿ."

ಮುಂದಕ್ಕೆ ನಡೆದೆವು. ಅವಳ ಹುಬ್ಬು ಗಂಟಿಕ್ಕಿತ್ತು. ಅವಳು ನಿಜವಾಗಿ ಯೋಚಿಸುವಾಗ ಮಾತ್ರ ಹಾಗೆ ಗಂಟಿಕ್ಕುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ದೂರವೂ ಅವಳು ನನ್ನ ಬಗ್ಗೆಯೇ ಯೋಚಿಸುತ್ತಿದ್ದಳು. ಉತ್ತರ ಏನಾದರೂ ಆಗಲಿ, ಅವಳು ಅದನ್ನು ಬೇರೆ ಯಾರಿಗೂ ಹೇಳದೆ ಮೊದಲು ನನಗೇ ಹೇಳಲಿ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಮಾತ್ರ ಕೇಳಬೇಡಿ.